ಹತ್ತು ಲಕ್ಷದ ಒಂಬತ್ತನೇ ಚೀಟಿ

ಹತ್ತು ಲಕ್ಷನೇ ಚೀಟಿ ಹೊರಬಂದ ಸಂಜೆ
ಗುಂಜಳ್ಳಿ ಶೇಠರು ವೇಬ್ರಿಜ್ಜಿಗೆ ಚೆಂಡುಹೂವಿನ ಹಾರ ಹಾಕಿಸಿದರು.
ಹಮಾಲರಿಗೆಲ್ಲ ಬೂಂದಿ.
ಸಾಲಾಗಿ ಆರು ಸೊನ್ನೆ ಕಂಡರೆ
ರಾಯಚೂರಿಗೆ ಅಷ್ಟೇ ಸಾಕು.

ನಾನು ಕಾದದ್ದು ಮೂರನೆಯದಕ್ಕೆ.
೧೦೦೦೦೦೩: ಯಾರ ಕೈಗೂ ಒಡೆಯದ ಅವಿಭಾಜ್ಯ.
ಕಲ್ಮಲದ ಟ್ರ್ಯಾಕ್ಟರಿನ ಹುಡುಗ ಅದರಲ್ಲಿ
ಗ್ರೀಸಿನ ಬೆರಳು ಒರೆಸಿಕೊಂಡು ಹೋದ.

ಎಂಟನೆಯದು ಧಾರಾಳಿ,
ಎರಡು, ಮೂರು, ಹದಿನೇಳು, ಹತ್ತೊಂಬತ್ತು,
ನಲವತ್ಮೂರು ಬಂದರೂ ಬರಿಗೈಲಿ ಕಳಿಸದು.

ಒಂಬತ್ತನೆಯದು ಬಂದಾಗ ರಾತ್ರಿ ಎರಡೂವರೆ.
ಸಿರವಾರದ ಭತ್ತ, ಶಾಮೀದನ ಲಾರಿ.
ಹಗಲಿನ ಬಿಸಿಲು ಇನ್ನೂ ಕಬ್ಬಿಣದ ಹಲಗೆಯೊಳಗೇ ಇತ್ತು.
ಏಳರಿಂದ ಭಾಗಿಸಿದೆ, ಮೂರು ಉಳಿಯಿತು.
ಹನ್ನೊಂದಕ್ಕೆ ಹತ್ತು. ಹದಿಮೂರಕ್ಕೂ ಹತ್ತು.
ಹದಿನೇಳಕ್ಕೆ ಒಂದು, ಹತ್ತೊಂಬತ್ತಕ್ಕೂ ಒಂದು:
ಬಾಗಿಲವರೆಗೆ ಬಂದು ಚಪ್ಪಲಿ ಬಿಡದೆ ಹೋದಂತೆ.

‘ಏನ್ ಲೆಕ್ಕ ಹಾಕಾಕತ್ತೀರಿ ಅಕ್ಕೋರ? ತೂಕ ಸರಿ ಐತಿಲ್ಲ?’
ಐತಪಾ, ಅಂದೆ. ತೂಕದ್ದಲ್ಲ, ನಂಬರಿಂದು.
ಅವನು ಲಾರಿ ನೆರಳಿಗೆ ಕೂತು ಬೀಡಿ ಹಚ್ಚಿದ.

ಅಪ್ಪ ಶಹಾಬಾದಿ ಪರಸಿ ಹಾಸುತ್ತಿದ್ದ.
ಒಂದೇ ಅಳತೆಯ ಕಲ್ಲು, ಒಂದೂ ಕತ್ತರಿಸದೆ
ಚೌಕ ಅಂಗಳ, ಚೌಕ ಕೋಣೆ.
ಇಷ್ಟು ಕಲ್ಲು ಕೊಟ್ಟಿದ್ದರೆ ಏನು ಮಾಡುತ್ತಿದ್ದ?
ಸಾವಿರಕ್ಕೆ ಸಾವಿರದ ಅಂಗಳ,
ಮೂರಕ್ಕೆ ಮೂರರ ಜಳಕದ ಮನೆ. ಮುಗಿಯಿತು.

ಇನ್ನೊಂದು ಬಗೆ ಇದೆಯೇ?
ಅವಿಭಾಜ್ಯವಾದರೆ ಇರಬಾರದು.
ಮುಗಿಸದ ಬಿ.ಎಸ್ಸಿ.ಯಲ್ಲಿ ನನಗೆ ಉಳಿದದ್ದು ಅದೊಂದೇ ಮಾತು.
ಕಾರ್ಬನ್ ಹಾಳೆಯ ಬೆನ್ನಲ್ಲಿ ಅಂಗಳವನ್ನು
ಒಂದೊಂದೇ ಸಾಲು ಕಿರಿದು ಮಾಡುತ್ತ ಇಳಿದೆ.
ಒಂಬೈನೂರ ತೊಂಬತ್ತೊಂಬತ್ತು, ಉಳಿದದ್ದು ಚೌಕವಾಗದು.
ತೊಂಬತ್ತೆಂಟು, ಆಗದು.
ಶಾಮೀದನ ಎರಡನೇ ಬೀಡಿಯೂ ಸುಟ್ಟಿತು.
ಇಪ್ಪತ್ತೆಂಟನೇ ಮೆಟ್ಟಿಲಲ್ಲಿ
ಅಂಗಳ ೯೭೨, ಕೋಣೆ ೨೩೫,
ಒಂದು ಕಲ್ಲೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಅಯ್ಯೋ, ಅಂದೆ.
ಎರಡು ಮನೆಗೂ ಇಷ್ಟು ಸಲೀಸಾಗಿ ಹೊಂದಿದ್ದು
ಒಳಗೆಲ್ಲೋ ಸೀಳಿರಲೇಬೇಕು.

ಅಂಗಳದಲ್ಲಿ ಅಂಗಳ ಕಳೆದೆ, ಇಪ್ಪತ್ತೆಂಟು.
ಕೋಣೆಯಲ್ಲಿ ಕೋಣೆ, ಇನ್ನೂರ ಮೂವತ್ತೆರಡು.
ಎರಡನ್ನೂ ನಾಲ್ಕರಿಂದ ಸವರಿದರೆ ಏಳು, ಐವತ್ತೆಂಟು.
ಅವುಗಳ ಚೌಕ ಕೂಡಿಸಿದೆ: ೩೪೧೩.
ಬೆಣೆ ಬಡಿದ ಬಂಡೆಯಂತೆ ಸದ್ದಿಲ್ಲದೆ ಬಾಯಿಬಿಟ್ಟಿತು,
೨೯೩ ಸಲ ೩೪೧೩.
ಹಿಡಿದ ದಾರಿಯಲ್ಲೇ ಹೋಗಿದ್ದರೆ
ಅರವತ್ತೊಂದು ಅವಿಭಾಜ್ಯಗಳು ಬರಿಗೈಲಿ ಮರಳಿ
ಅರವತ್ತೆರಡನೆಯದು ಬಾಗಿಲು ತಟ್ಟಬೇಕಿತ್ತು.

ಯಾರಿಗಾದರೂ ಹೇಳಬೇಕಲ್ಲ.
‘ಶಾಮೀದ, ಹತ್ತು ಲಕ್ಷದ ಒಂಬತ್ತು ಕಾಳಿದ್ದರೆ
ಇನ್ನೂರ ತೊಂಬತ್ಮೂರು ಚೀಲಕ್ಕೆ ಸರಿಸಮ ಬರ್ತಾವ,
ಒಂದು ಕಾಳೂ ಉಳಿಯಂಗಿಲ್ಲ.’

ಅವನು ಬೀಡಿ ತುಳಿದ, ಯೋಚಿಸಿದ.
‘ಇನ್ನೂರ ತೊಂಬತ್ಮೂರು ಚೀಲಾ?
ಮ್ಯಾಲ ಹಗ್ಗ ಬಿಗಿದ್ರ ನನ್ನ ಗಾಡೀಗೆ ಒಂದ ಲೋಡು.’

ಚೀಟಿ ನಾಲ್ಕು ಮಡಿಕೆಯಾಗಿ ಅವನ ಜೇಬು ಸೇರಿತು.
ಹಲಗೆ ನಡುಗಿ ಹಗುರಾಯಿತು.
ಮುಂದಿನ ಗಾಡಿ ಹಾರ್ನ್ ಹೊಡೆಯುತ್ತಿದೆ,
ಕೊನೆಗೆ ಸೊನ್ನೆ ಇರುವ ನಂಬರು,
ಅದನ್ನೇನು ಕೇಳುವುದು.