ಎರಡು ಚೌಕ, ಎರಡು ಬಾಣ

ಎರಡು ಚೌಕ ಬರೆದಿದ್ದೆ.
ಒಂದರಲ್ಲಿ ಮನುಷ್ಯ, ಒಂದರಲ್ಲಿ ಯಂತ್ರ,
ನಡುವೆ ಹೋಗುವ ಬಾಣ, ಬರುವ ಬಾಣ.
ಗೈಡ್ ಮೇಡಂ ಕನ್ನಡಕ ಏರಿಸಿ ನೋಡಿ
ಚೆನ್ನಾಗಿದೆ ಅಂದರು,
ಇನ್ನು ಹೋಗಿ ಎಲ್ಲಾದರೂ ಕೂತು ನೋಡಿಕೊಂಡು ಬಾ.

ಆಜಾದ್ ನಗರದ ರೇಷನ್ ಅಂಗಡಿ.
ಮಡಚಿಟ್ಟ ಗೋಣಿಚೀಲಗಳ ಮೇಲೆ ಕೂತಿದ್ದೇನೆ, ಮೂರನೇ ದಿನ.
ಹಿಂದಿನ ಓಣಿಯಿಂದ ಮಂಡಕ್ಕಿ ಭಟ್ಟಿಯ ಹೊಗೆ
ಬಂದು ಬಂದು ನೋಟ್‌ಬುಕ್ಕಿನ ಅಂಚೆಲ್ಲ ಮಸಿ.

ಮಾಬೂಬಿ ಬೆರಳಿಟ್ಟಳು.
ಕೆಂಪು ದೀಪ.
ಇಪ್ಪತ್ತೆರಡು ವರ್ಷ ಕಾದ ಮರಳಿನ ಮುಂದೆ ಕೂತ ಕೈ;
ಗೆರೆಗಳು ಯಾವುದೋ ಒಬ್ಬೆಯಲ್ಲಿ
ಅಕ್ಕಿಯ ಜೊತೆಗೇ ಅರಳಿಹೋಗಿವೆ.
"ಇನ್ನೊಂದ್ಸಲ ಇಡಕ್ಕ" ಅಂದ ಓಬಳೇಶ.
ಕೆಂಪು.
ಬರೆದುಕೊಂಡೆ: ಬಳಕೆದಾರರ ತಪ್ಪು, ಎರಡು.

ಆಮೇಲೆ ಅವಳು ಮಾಡಿದ್ದು
ಯಾವ ಕೈಪಿಡಿಯಲ್ಲೂ ಇಲ್ಲ.
ಸೆರಗು ಸರಿಸಿ, ಬೈತಲೆಯ ಎಣ್ಣೆಗೆ
ಹೆಬ್ಬೆರಳು ಒರೆಸಿಕೊಂಡು,
ಮಲಗಿದ ಕೂಸಿನ ಹಣೆ ಮುಟ್ಟುವಷ್ಟು ಮೆಲ್ಲಗೆ
ಗಾಜಿನ ಮೇಲಿಟ್ಟು,
ಅದಕ್ಕೊಂದಕ್ಕೇ ಕೇಳುವಂತೆ:
"ತಗೋ ನಮ್ಮಪ್ಪಾ. ನಾನೇ."

ಹಸಿರು.
ಓಬಳೇಶ ಆಗಲೇ ತಕ್ಕಡಿ ಕಡೆ ತಿರುಗಿದ್ದ.
ನಾನು ಮಾತ್ರ ಆ "ನಾನೇ" ಹತ್ತಿರವೇ ಉಳಿದೆ.
ಯಾವ ಚೌಕದೊಳಗೆ ಇಡಲಿ ಅದನ್ನ?
ತಲೆಯ ಎಣ್ಣೆ ಯಾವ ಬಾಣಕ್ಕೆ?

ಯಾರು ಕಲಿಸಿದ್ದು, ಕೇಳಿದೆ.
"ಹಾಲಮ್ಮ. ಆಕೆಗೆ ಆಕೆ ಸೊಸೆ."
ಚೀಲದ ಬಾಯಿಗೆ ಗಂಟು ಹಾಕುತ್ತ ನಕ್ಕಳು:
"ಅದಕ್ಕೂ ಬೆಳಿಗ್ಗೆಯಿಂದ ಬಾಯಿ ಒಣಗಿರ್ತೈತಲ್ಲ.
ಒಣ ಬೆರಳು ಕೊಟ್ರೆ ಹೆಂಗ್ ನುಂಗ್ತೈತೆ?"

ಇದೂ ಸಿದ್ಧಾಂತವೇ.
ನನ್ನದರಿಂದ ಈವರೆಗೆ
ಒಂದು ಕಿಲೋ ಅಕ್ಕಿಯೂ ಬಂದಿಲ್ಲ.

ರಾತ್ರಿ ವಿದ್ಯಾನಗರದ ರೂಮಿನಲ್ಲಿ ರಬ್ಬರು ಹಿಡಿದು ಕೂತೆ.
ಸೊಸೆಯಿಂದ ಹಾಲಮ್ಮನಿಗೊಂದು ಗೆರೆ,
ಹಾಲಮ್ಮನಿಂದ ಮಾಬೂಬಿಗೆ,
ಅಲ್ಲಿಂದ ಇನ್ನಾರಿಗೋ, ಹಾಳೆಯ ಆಚೆಗೆ.
ಯಂತ್ರ ಮೂಲೆಗೆ ಸರಿಯಿತು, ಹೆಸರುಕಾಳಿನಷ್ಟು.
"ತಪ್ಪು, ಎರಡು" ಹೊಡೆದು ಹಾಕಿದೆ;
ಯಾರದೆಂದು ಬರೆಯುವ ಜಾಗ ಖಾಲಿ ಬಿಟ್ಟೆ.
ಪಕ್ಕದಲ್ಲಿದ್ದ ಫೋನು
ನನ್ನ ಬೆರಳಿಗೆ ತಟಕ್ಕನೆ ತೆರೆದುಕೊಂಡಿತು.
ಅದಕ್ಕೆ ನಾನು ಯಾವತ್ತೂ ಏನೂ ಹೇಳಿದ್ದಿಲ್ಲ.

ಬೆಳಿಗ್ಗೆ ಅಂಗಡಿಗೆ ಬೀಗ. ಸೀಮೆಸುಣ್ಣದಲ್ಲಿ: ಸರ್ವರ್ ಇಲ್ಲ.
ಜನವೂ ಇಲ್ಲ. ಗೋಡೆಯುದ್ದಕ್ಕೂ
ಚೀಲಗಳಷ್ಟೇ ಸಾಲು ನಿಂತಿವೆ, ಕಲ್ಲಿನ ಭಾರ ಹೊತ್ತು,
ಒಂದೊಂದೂ ಒಬ್ಬೊಬ್ಬರಾಗಿ.
ಯಾವುದು ಯಾರದೆಂದು ಯಾರೂ ಕೇಳುವುದಿಲ್ಲ.

ಹಾಲಮ್ಮನ ಹಳದಿ ಚೀಲದ ಹಿಂದೆ
ನನ್ನ ನೋಟ್‌ಬುಕ್ಕನ್ನೂ ಇಟ್ಟು, ಮೇಲೊಂದು ಕಲ್ಲಿಟ್ಟು,
ಚಹಾ ಕುಡಿಯಲು ಹೋದೆ.