ಆರು ಮನೆ

ಮಳವಳ್ಳಿ ಕಾಲೇಜು, ಮೂರನೇ ಪೀರಿಯಡ್ಡು.
ಕರಿಹಲಗೆಯ ಮೇಲೆ ಚೌಕ ಬರೆದು
ಅಡ್ಡ ಎರಡು, ಉದ್ದ ಒಂದು ಗೆರೆ ಎಳೆದೆ. ಆರು ಮನೆ.
ಒಬ್ಬ ಆಳಿದರೆ, ಕೆಲವರು ಆಳಿದರೆ, ಎಲ್ಲರೂ ಆಳಿದರೆ.
ಎಡಕ್ಕೆ ಊರಿನ ಒಳಿತು, ಬಲಕ್ಕೆ ತನ್ನ ಹೊಟ್ಟೆ.
ಗ್ರೀಕರು ಹೀಗೆ ವಿಂಗಡಿಸಿದರು ಎಂದೆ.
ಹನ್ನೊಂದು ವರ್ಷದ ಗಿಣಿಪಾಠ.
ಅತಿಥಿ ಉಪನ್ಯಾಸಕಿ ನಾನು;
ಇಷ್ಟು ಕಾಲ ಬಾಗಿಲಲ್ಲೇ ನಿಂತ ಅತಿಥಿಯನ್ನು
ಯಾವ ಮನೆಯಲ್ಲೂ ಕಂಡಿಲ್ಲ.

ದೊರೆ ಕೆಟ್ಟರೆ ನಿರಂಕುಶ.
ಹಿರಿಯರು ಕೆಟ್ಟರೆ ಹಣವಂತರ ಕೂಟ.
ಜನ ಕೆಟ್ಟರೆ...
ಹಿಂದಿನ ಬೆಂಚಿನಿಂದ ಯಾರೋ "ಎಲೆಕ್ಷನ್ನು" ಅಂದ.
ನಕ್ಕೆವು. ಫ್ಯಾನು ಕಟಕಟ ಅಂದಿತು.

ಆಮೇಲೆ ಇನ್ನೂ ಹಿಂದಿನ ಮುದುಕನೊಬ್ಬನ ಮಾತು:
ಊರು ಕಾಯುವವನಿಗೆ ಹೊಲವಿರಬಾರದು,
ಚಿನ್ನವಿರಬಾರದು, ಬೀಗ ಹಾಕುವ ಬಾಗಿಲಿರಬಾರದು;
ತನ್ನದೆಂಬುದು ಇಲ್ಲದವನಷ್ಟೇ
ಎಲ್ಲರದನ್ನೂ ನೆಟ್ಟಗೆ ನೋಡಬಲ್ಲ.
ಬರೆದುಕೊಳ್ಳಿ, ಐದು ಅಂಕಕ್ಕೆ ಬರುತ್ತದೆ.

ತಾರಾಮಣಿ ಬರೆದುಕೊಳ್ಳಲಿಲ್ಲ. ಎದ್ದು ನಿಂತಳು.
"ನಮ್ ತಾತುಂಗೂ ಏನೂ ಇರ್ನಿಲ್ಲ, ಮೇಡಂ."

ತಾತ ಮಂಚಯ್ಯ, ಚಿಕ್ಕಬಾಗಿಲ ಕೊಪ್ಪಲಿನ ನೀರುಗಂಟಿ.
ಕೆರೆಗೆ ಮುಳುಗಿ ತೂಬಿನ ಬಿರಡೆ ಎತ್ತುವ ಕೈ ಅವನದೊಂದೇ.
ಬೇಸಿಗೆಯಲ್ಲಿ ನೀರು ಸಣ್ಣಗಾದರೆ
ಬಾಲದ ಗದ್ದೆಯಿಂದ ಶುರು, ಪಟೇಲರ ಗದ್ದೆ ಕೊನೆಗೆ.
ಒಂದು ಪಾಲಿಗೆ ಎರಡು ಬೀಡಿ ಹೊತ್ತು;
ಎರಡನೆಯದು ಆರಿತೋ
ಹೆಂಟೆ ಮೆಟ್ಟಿ ನೀರು ತಿರುಗಿಸಿದ.
ಪಟೇಲರ ಆಳು ದೊಣ್ಣೆ ತಂದ ರಾತ್ರಿಯೂ
"ಬೀಡಿ ಆರೋಯ್ತು ಬುದ್ಧಿ" ಎಂದನಂತೆ, ಅಷ್ಟೇ.
ಸುಗ್ಗಿಯಲ್ಲಿ ಕಣಕ್ಕೊಂದು ಮೊರ ಭತ್ತ ಅವನ ಆಯ.

"ನಿಮ್ ಗ್ರೀಕ್ ಮುದುಕ ಹೇಳ್ದಂಗೇ ಇದ್ದ.
ಆದ್ರೆ ತಾನಾಗಿ ಬ್ಯಾಡ ಅಂದಿರ್ನಿಲ್ಲ ಮೇಡಂ.
ಕೊಟ್ಟಿರ್ನಿಲ್ಲ.
ನಮ್ ಕೇರಿಯೋರ್ಗೆ ಗದ್ದೆ ಇಲ್ಲ ಅಂತಾನೇ
ನೀರ್ ಹಂಚಕ್ಕೆ ಇಟ್ಟಿದ್ರು.
ಅವ್ನು ಊರ್ಗೆಲ್ಲ ನೀರ್ ಬುಡ್ತಿದ್ರೆ ನಮ್ಮಜ್ಜಿ
ಬಿಂದ್ಗೆ ಹಿಡ್ಕಂಡು ಊರ್ ಬಾವಿ ಮಗ್ಗುಲಲ್ಲಿ
ಯಾರಾದ್ರೂ ಹುಯ್ಲಿ ಅಂತ ನಿಂತಿರೋಳಂತೆ.
ಇದು ಯಾವ್ ಮನೇಲ್ ಬತ್ತದೆ?"

ಸೀಮೆಸುಣ್ಣ ಎಡಗಡೆಯ ಮೊದಲ ಮನೆಯ ತನಕ ಹೋಗಿ ನಿಂತಿತು.
ಒಬ್ಬನ ಕೈ, ಊರಿನ ಒಳಿತು; ಅಲ್ಲಿಗೆ ಸರಿ.
ಆದರೆ ಊರೆಂದರೆ ಯಾರು ಎಂದು
ನಾನು ಗೆರೆ ಎಳೆಯುವ ಮೊದಲೇ ಎಳೆದ ಗೆರೆಯೊಂದಿತ್ತು,
ಹಲಗೆಯ ಆಚೆ, ಗೋಡೆಯ ಮೇಲೆ, ಬಾವಿಯ ಸುತ್ತ.
ಅಥೆನ್ಸಿನಲ್ಲೂ ಎಲ್ಲರೂ ಎಂದಾಗ
ನೀರು ಹೊತ್ತವರನ್ನು ಎಣಿಸಿರಲಿಲ್ಲ,
ಹಿಟ್ಟು ಬೀಸಿದವರನ್ನು, ನನ್ನಂಥವರನ್ನು.
ಇದನ್ನು ಹೇಳಬೇಕಿತ್ತು. ಹೇಳಿದೆನೋ
ಬೆಲ್ಲು ಹೊಡೆಯಿತೋ ನೆನಪಿಲ್ಲ.

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದಳು.
ಈಗ ಕೊಪ್ಪಲಿನಲ್ಲಿ ಸಂಘವಿದೆಯಂತೆ. ಏಳು ಜನ,
ಲೆಟರ್‌ಹೆಡ್ಡು, ಸೀಲು, ತೂಬಿಗೆ ಕಬ್ಬಿಣದ ಗೇಟು, ಗೇಟಿಗೆ ಬೀಗ.
ಏಳೂ ಜನರ ಗದ್ದೆ ತೂಬಿನ ಪಕ್ಕದವೇ.
ಹೋದ ವರ್ಷ ಬಾಲದವರು ಇನ್ನೂರು ಮಂದಿ
ಹಾರೆ ತಂದು ರಾತ್ರೋರಾತ್ರಿ ಬೀಗ ಒಡೆದರು.
ಬೆಳಿಗ್ಗೆ ಕೆರೆ ಬರಿದು, ಪೈರು ಕೊಚ್ಚಿ ಹೋಗಿ
ಮೀನು ಮಾತ್ರ ಎಲ್ಲರಿಗೂ ಸಮನಾಗಿ ಸಿಕ್ಕಿತು
ಎಂದು ನಕ್ಕಳು.

ಮಂಚಯ್ಯನ ಕಾಲವೇ ವಾಸಿ ಎನ್ನುತ್ತದೆ ಊರು.
ಅವಳಪ್ಪ ಎನ್ನುವುದಿಲ್ಲ.
ಅವನಿಗೀಗ ಹದಿನೆಂಟು ಗುಂಟೆ, ಕಾಲುವೆಯ ತುದಿಯಲ್ಲಿ;
ಒಣಗಿದರೂ ಅವನ ಹೆಸರಿನಲ್ಲೇ ಒಣಗುವ ನೆಲ.
ನಿಮ್ಮಪ್ಪನ ಹಾಗೆ ನೀನೇ ನಿಭಾಯಿಸಪ್ಪ ಎಂದು
ಕೀಲಿ ತಂದಿದ್ದರಂತೆ ಯಜಮಾನರು.
ಕೀಲಿ ಬೇಡ, ಸಂಘದಲ್ಲಿ ಕುರ್ಚಿ ಕೊಡಿ ಎಂದನಂತೆ.
ಕೀಲಿ ವಾಪಸ್ಸು ಹೋಯಿತು.
ಕುರ್ಚಿ ಇನ್ನೂ ಬಂದಿಲ್ಲ.

ಮಾರನೆಯ ದಿನ ಹೋದರೆ
ಕಾಮರ್ಸಿನವರು ಹಲಗೆ ಅರೆಬರೆ ಒರೆಸಿದ್ದರು.
ಅಕ್ಷರ ಹೋಗಿ ಗೆರೆ ಉಳಿದಿತ್ತು:
ಆರು ಮಡಿ, ನಡುವೆ ಬದು,
ಕೆಳಗಿನೆರಡರಲ್ಲಿ ಬಿಳಿ ಧೂಳು.
ಹಾಜರಿ ಕೂಗಿದೆ.
ತಾರಾಮಣಿ ಬಂದಿರಲಿಲ್ಲ.
ಇವತ್ತು ಅವರ ಗದ್ದೆಯ ಪಾಳಿಯಂತೆ,
ನೀರು ಬಂದರೆ.