ಎರಡನೆಯ ಸೀನು

ಸೊರಬದ ತಾಲ್ಲೂಕು ಕಚೇರಿ, ಹಿಂಬದಿಯ
ದಾಖಲೆ ಕೊಠಡಿ. ಬೀಗ ತೆಗೆದರೆ
ಮೊದಲು ಹೊರಬರುವುದು ನನ್ನ ಸೀನು.
ಆರು, ಒಂಬತ್ತು, ಮಳೆಗಾಲವಾದರೆ ಹದಿಮೂರು.
ಬೆಂಚಿನ ಮೇಲೆ ಕೂತವರು ಎಣಿಸುತ್ತಾರೆ:
ಸರಿಸಂಖ್ಯೆಯಾದರೆ ಅರ್ಜಿ ಒಳಗೆ,
ಬೆಸವಾದರೆ ಚಾ ಕುಡಿದು ಬರುತ್ತಾರೆ.
ಗುತ್ಯಪ್ಪನ ಮೂಗು ಪಂಚಾಂಗಕ್ಕಿಂತ ನಂಬಿಗಸ್ತ
ಎಂದು ನನ್ನೆದುರೇ ಅನ್ನುತ್ತಾರೆ.

ಹದಿನಾಲ್ಕು ವರ್ಷ.
ಮೊದಲು ನೆಗಡಿ ಅಂದೆ, ಆಮೇಲೆ ಧೂಳು ಅಂದೆ.
ಅತ್ತೆ ಅಮೃತಬಳ್ಳಿ ಅಂದರು, ಭಾವ ದೃಷ್ಟಿ ಅಂದ,
ಮೆಡಿಕಲ್ ಶಾಪಿನ ಹುಡುಗ ಏನೂ ಅನ್ನದೆ
ಬೆರಳುದ್ದದ ಹನಿಯ ಬಾಟಲಿ ಕೊಟ್ಟ.
ಆಹಾ, ಆ ಹನಿ!
ಹತ್ತು ಎಣಿಸುವುದರೊಳಗೆ
ತೂಬು ಎತ್ತಿದ ಕೆರೆಯ ಹಾಗೆ ಉಸಿರು ನುಗ್ಗುತ್ತಿತ್ತು.
ದಿನಕ್ಕೆರಡು ಸಲ, ಆಮೇಲೆ ನಾಲ್ಕು,
ಆಮೇಲೆ ಅಂಗಿಜೇಬು, ದಿಂಬಿನಡಿ, ಮೇಜಿನ ಡ್ರಾಯರು.
ಬಾಟಲಿ ಮರೆತೆನೆಂದು ಒಮ್ಮೆ
ಮದುವೆಮನೆಯ ದಾರಿಯಿಂದಲೇ ವಾಪಸು ಬಂದೆ.
ಬಡ್ಡಿಗೆ ಬಂದ ಸಾಹುಕಾರನ ಹಾಗೆ ಅದು
ಬಿಟ್ಟಂತೆ ಮಾಡಿ ಇನ್ನೂ ಬಿಗಿಯಾಗಿ ಕಟ್ಟುತ್ತಿತ್ತು.

ರಾತ್ರಿ ಎಡಕ್ಕೆ ಹೊರಳಿದರೆ ಎಡ ಬಂದ್,
ಬಲಕ್ಕೆ ಹೊರಳಿದರೆ ಬಲ.
ಬಾಯಲ್ಲಿ ಉಸಿರಾಡಿ ನಾಲಿಗೆ ಚಕ್ಕೆಯಾಗಿ
ಬೆಳಗಿನ ಜಾವ ಎದ್ದು ನೋಡಿದರೆ
ಶೈಲಾವತಿ ಬೇರೆ ಕೋಣೆಯಲ್ಲಿ.
ಜಗಳವಲ್ಲ. ಗೊರಕೆ.

ಶಿವಮೊಗ್ಗದ ದೊಡ್ಡಾಸ್ಪತ್ರೆಯ ಡಾಕ್ಟರು, ಶಾಹೀನಾ ಅಂತ,
ನನ್ನ ಮಗಳ ಪ್ರಾಯ,
ಹೊಳ್ಳೆಯೊಳಗೆ ಬೆಳಕು ಬಿಟ್ಟು ನೋಡಿ
ಬಾಟಲಿ ಇಸಿದುಕೊಂಡು ಕಸದ ಬುಟ್ಟಿಗೆ ಹಾಕಿದರು.
"ಇದು ವಾಸಿಯಾಗೋದಲ್ಲ ಗುತ್ಯಪ್ಪನವರೇ,
ನಿಭಾಯಿಸೋದು."
ಥಟ್ಟನೆ ಅರ್ಥವಾಯಿತು.
ನಮ್ಮಲ್ಲೂ ಇದೆ, ಎ ವರ್ಗದ ಕಡತ:
ಮುಕ್ತಾಯವಿಲ್ಲ, ಸುಡುವ ಹಾಗಿಲ್ಲ,
ಧೂಳೊರೆಸಿ ಮತ್ತೆ ಅದೇ ಜಾಗಕ್ಕೆ.

ಹನಿ ಬಿಟ್ಟ ಹದಿನೆಂಟು ರಾತ್ರಿ
ಬರೆಯುವಂಥದ್ದಲ್ಲ. ಕುರ್ಚಿಯಲ್ಲೇ ಕೂತು ಬೆಳಗು ಮಾಡಿದೆ.
ನೆಗಡಿಗೆ ಮೂಗು ಕೊಯ್ಯುವರೇ ಎಂಬ ಗಾದೆಯನ್ನು
ಯಾರೋ ಹಗಲಲ್ಲಿ ಕಟ್ಟಿರಬೇಕು.

ಈಗ ಹೀಗೆ:
ಕುದಿಸಿ ಆರಿಸಿದ ನೀರಿಗೆ ಅಳತೆಯ ಉಪ್ಪು, ಚಿಟಿಕೆ ಸೋಡಾ.
ಬಚ್ಚಲಲ್ಲಿ ಬಗ್ಗಿ ಬಲಕ್ಕೆ ಬಿಟ್ಟರೆ ಎಡದಿಂದ ಇಳಿಯುತ್ತದೆ.
(ಮೊದಲ ದಿನ, ವರದೆಯಲ್ಲಿ ಈಜು ಕಲಿಯುವಾಗ ಕುಡಿದ
ನೀರೆಲ್ಲ ನೆನಪಾಯಿತು.)
ಆಮೇಲೆ ಸ್ಪ್ರೇ. ಎಡಗೈ ಬಲಹೊಳ್ಳೆಗೆ, ಬಲಗೈ ಎಡಕ್ಕೆ,
ಮೂತಿ ಕಿವಿಯ ಕಡೆ. ನಡುಗೋಡೆಗೆ ಹೊಡೆಯಬಾರದು,
ಅದು ಗಡಿಕಲ್ಲು.
ಇದು ಹನಿಯ ಹಾಗಲ್ಲ. ಹೊಸ ಗುಮಾಸ್ತನಂತೆ
ಎರಡು ವಾರ ಏನೂ ಮಾಡದೆ ಕೂತಿತ್ತು,
ಆಮೇಲೆ ಸದ್ದಿಲ್ಲದೆ ಕೆಲಸ ಶುರುಮಾಡಿತು.
ಮಾವನ ಮನೆಯ ಬೂರುಗದ ದಿಂಬು ಹೊರಗೆ ಹೋಯಿತು.
ಭಾನುವಾರ ಹೊದಿಕೆಗಳಿಗೆ ಕುದಿನೀರು ನಾನೇ ಕಾಯಿಸುತ್ತೇನೆ.
ಶೈಲಾವತಿ ವಾಪಸು ಬಂದಿದ್ದಾಳೆ; ದಿಂಬಿನ ವಿಷಯ
ತವರಿಗೆ ಹೇಳಿಲ್ಲ.

ಮೊನ್ನೆ ಮಾಸ್ಕು ಜಾರಿದ ಗಳಿಗೆ
ಅರವತ್ತು ವರ್ಷದ ರಿಜಿಸ್ಟರು ಬಿಚ್ಚಿದರೆ
ವಾಸನೆ!
ಹಳೇ ಕಾಗದದ್ದಲ್ಲ, ಗೆದ್ದಲಿನ ಮದ್ದಿನದ್ದಲ್ಲ. ನಶ್ಯ.
ಪುಟದಂಚಿಗೆ ಕಂದು ಬೆರಳಿನ ಗುರುತು.
ಇದೇ ಕುರ್ಚಿಯಲ್ಲಿ ಕೂತ ಯಾವನೋ ಪುಣ್ಯಾತ್ಮ
ಕಾಸು ಕೊಟ್ಟು ಸೀನುತ್ತಿದ್ದ.
ನಗು ಬಂತು. ನಗುವಿನ ಬೆನ್ನಿಗೇ ಸೀನು.
ಒಂದು.

ಕಿಟಕಿಯಾಚೆ ಹುಚ್ಚಮ್ಮ, ಚಂದ್ರಗುತ್ತಿ ಕಡೆಯವರು,
ತಾಯಿಯ ಪಾಲಿನ ಕಾಗದಕ್ಕೆ ಮೂರನೇ ಸಲ ಬಂದವರು,
ಚೀಲ ಹೆಗಲಿಗೇರಿಸಿ ಎದ್ದೇ ಬಿಟ್ಟರು.
ಅವರ ಕಾಗದ ನನ್ನ ಕೈಯಲ್ಲೇ ಇದೆ.
"ಕೂರಿ ಅಮ್ಮ, ಇನ್ನೊಂದು ಬರ್ತದೆ."
ಮೂಗಿನ ತುದಿ ತಿಕ್ಕಿದೆ. ಕಡತ ಕೊಡವಿದೆ.
ಟ್ಯೂಬ್‌ಲೈಟು ದಿಟ್ಟಿಸಿದೆ.
ಹದಿನಾಲ್ಕು ವರ್ಷ ಕರೆಯದೆ ಬಂದದ್ದು
ಈಗ ಕರೆದರೂ ಇಲ್ಲ.
ಹುಚ್ಚಮ್ಮ ಚೀಲ ಕೆಳಗಿಟ್ಟು,
ನನಗೆ ಆಸರೆಯಾಗಲೆಂದೇನೋ,
ತಾವೂ ಕತ್ತೆತ್ತಿ ಲೈಟು ನೋಡುತ್ತ ಕೂತರು.